ಎದೆ ಸೀಳದೆ ಗುಂಡಿಗೆಗೆ ಪಂಪು

ಸೋತುಹೋದ ಗುಂಡಿಗೆಗೆ ಒಂದು ಪುಟ್ಟ ಪಂಪನ್ನು ಜೋಡಿಸಿ ಮನುಷ್ಯನನ್ನು ಉಳಿಸಿಕೊಳ್ಳುವ ಚಿಕಿತ್ಸೆ ಇದೆ ಎಂಬುದನ್ನು ತಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಆ ಪಂಪನ್ನು ಎದೆಯ ಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳದೆ, ಪಕ್ಕೆಲುಬುಗಳ ನಡುವೆ ಸಣ್ಣ ಗಾಯ ಮಾಡಿ ಕೂಡಿಸುವ ವಿಧಾನ ಈಚಿನ ವರ್ಷಗಳಲ್ಲಿ ಬಂದಿದೆ. ಇವತ್ತಿನ ಮಾತು ಅದರ ಬಗ್ಗೆ. ನಾನು ಡಾಕ್ಟರಲ್ಲ. ಮೆಟ್ರಿಕ್ ಮುಗಿಸಿ, ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತನಾದವನು. ಆದರೂ ಈ ವಿಷಯ ಎತ್ತಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಆದೋನಿ, ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರ್ವಿ ಕಡೆಯ ಜನಕ್ಕೆ ‘ಸಣ್ಣ ಕೊಯ್ತ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸಣ್ಣ ಖರ್ಚು, ಸಣ್ಣ ತೊಂದರೆ, ಮೂರು ದಿನಕ್ಕೆ ಮನೆ ಎಂದು ಲೆಕ್ಕ ಹಾಕಿಬಿಡುತ್ತೇವೆ. ಕೈಯ ಮಣಿಕಟ್ಟಿನಿಂದ ತಂತಿ ತೂರಿಸಿ ಸ್ಟೆಂಟು ಹಾಕಿಸಿಕೊಂಡು ಬಂದವರನ್ನು ನೋಡಿ ನೋಡಿ ನಮಗೆ ಈ ಅಭ್ಯಾಸ. ಪಂಪಿನ ಲೆಕ್ಕ ಬೇರೆ.

ಮೊದಲು ಮಾತಿನ ಗೊಂದಲವೊಂದನ್ನು ಬಿಡಿಸಿಕೊಳ್ಳೋಣ. ತೆಲುಗಿನಲ್ಲಿ ಗುಂಡೆಪೋಟು ಅನ್ನುತ್ತೇವೆ, ಕನ್ನಡದಲ್ಲಿ ಹೃದಯಾಘಾತ. ಅದು ಗುಂಡಿಗೆಗೆ ರಕ್ತ ಕೊಡುವ ನಾಳ ಕಟ್ಟಿಕೊಂಡಾಗ ಥಟ್ಟನೆ ಬರುವಂಥದು. ನಾನು ಈಗ ಹೇಳುತ್ತಿರುವುದು ಹೃದಯ ವೈಫಲ್ಯ. ಇದು ಬಹುಮಟ್ಟಿಗೆ ನಿಧಾನದ ಕಾಯಿಲೆ. ಗುಂಡಿಗೆ ಬಡಿಯುತ್ತಲೇ ಇರುತ್ತದೆ, ಬಡಿತದಲ್ಲಿ ಕಸುವಿರುವುದಿಲ್ಲ. ಹಿಂದೆ ಆದ ಹೃದಯಾಘಾತ, ಬಹುಕಾಲದ ಬಿ.ಪಿ., ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಕೆಟ್ಟ ಕವಾಟ, ಕುಡಿತ, ಒಮ್ಮೊಮ್ಮೆ ವೈರಸ್ ಸೋಂಕು, ಕೆಲವು ಹೆಣ್ಣುಮಕ್ಕಳಲ್ಲಿ ಹೆರಿಗೆಯ ಸಮಯ, ಹೀಗೆ ಕಾರಣಗಳು ಹಲವು.

ಇನ್ನೊಂದು ಗೊಂದಲ ‘ಆಯಾಸ’ ಎಂಬ ಮಾತಿನದು. ಎರಡು ಭಾಷೆ ಆಡುವ ನಮಗೆ ಮಾತ್ರ ಬರುವ ತೊಂದರೆ ಇದು. ತೆಲುಗಿನ ಆಯಾಸಂ ಅಂದರೆ ಏದುಸಿರು, ದಮ್ಮು. ಕನ್ನಡದ ಆಯಾಸ ಅಂದರೆ ಬರೀ ದಣಿವು. ನಮ್ಮವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೂತು “ಸಾರ್, ಆಯಾಸ” ಎಂದರೆ ಅಲ್ಲಿನವರು ದಣಿವು ಎಂದೇ ಬರೆದುಕೊಳ್ಳಬಹುದು. ನಡೆದರೆ ಉಸಿರು ಸಿಗುವುದಿಲ್ಲ, ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಬಿಡಿಸಿ ಹೇಳಬೇಕು. ಪಾದ ಬಾತುಕೊಳ್ಳುವುದು, ಒಂದು ದಿಂಬು ಸಾಲದೆ ಮೂರು ದಿಂಬು ಬೇಕಾಗುವುದು, ನಡುರಾತ್ರಿ ಎದ್ದು ಬಾಗಿಲ ಬಳಿ ಗಾಳಿಗೆ ಕೂರುವುದು, ಇವೆಲ್ಲ ಈ ಕಾಯಿಲೆಯ ಗುರುತುಗಳು. ಮನೆಯವರು ಗ್ಯಾಸು ಎನ್ನುತ್ತಾರೆ, ವಯಸ್ಸು ಎನ್ನುತ್ತಾರೆ, ಸೋಡಾ ಕುಡಿಸುತ್ತಾರೆ. ಅಷ್ಟರಲ್ಲಿ ವರ್ಷ ಕಳೆದಿರುತ್ತದೆ.

ಆರೋಗ್ಯವಂತ ಗುಂಡಿಗೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ದಿನವೊಂದಕ್ಕೆ 7,000 ಲೀಟರ್ ಆಯಿತು. ಬೇಸಿಗೆಯಲ್ಲಿ ನಮ್ಮ ಊರುಗಳಿಗೆ ಬರುವ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಹಿಡಿಸದಷ್ಟು. ಎಕೋ ಪರೀಕ್ಷೆಯ ಕಾಗದದಲ್ಲಿ ‘ಇ.ಎಫ್.’ ಎಂದು ಒಂದು ಅಂಕಿ ಇರುತ್ತದೆ. ಎಡಗೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಬಿತ್ತು ಎಂಬ ಲೆಕ್ಕ ಅದು. ಸರಿಯಿದ್ದವರಲ್ಲಿ 55ರಿಂದ 70 ಇರುತ್ತದೆ. ಅದು 25ರ ಕೆಳಗೆ ಇಳಿದು, ಮಾತ್ರೆಗಳೆಲ್ಲ ಕೊಟ್ಟ ಮೇಲೂ ರೋಗಿ ಹಾಸಿಗೆಯಿಂದ ಏಳಲಾರದಂತಾಗಿ, ಮತ್ತೆ ಮತ್ತೆ ಆಸ್ಪತ್ರೆ ಸೇರುವಂತಾದಾಗ ಡಾಕ್ಟರುಗಳು ಎರಡು ದಾರಿ ಹೇಳುತ್ತಾರೆ. ಒಂದು ಬದಲಿ ಹೃದಯ, ಇನ್ನೊಂದು ಪಂಪು.

ಬದಲಿ ಹೃದಯದ ಶಸ್ತ್ರಚಿಕಿತ್ಸೆ ನಮ್ಮ ದೇಶದಲ್ಲಿ ಮೊದಲು ಗೆದ್ದದ್ದು 1994ರ ಆಗಸ್ಟ್ 3ರಂದು, ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ, ಡಾ. ಪಿ. ವೇಣುಗೋಪಾಲ್ ಅವರ ಕೈಯಲ್ಲಿ. ಕರ್ನಾಟಕದಲ್ಲಿ ಜೀವಸಾರ್ಥಕತೆ, ಆಂಧ್ರದಲ್ಲಿ ಜೀವನ್‌ದಾನ್ ಎಂಬ ವ್ಯವಸ್ಥೆಗಳ ಮೂಲಕ ಅಂಗದಾನದ ಸರದಿ ನಡೆಯುತ್ತದೆ. ಆದರೆ ಸರದಿಯಲ್ಲಿ ನಿಂತವರು ಬಹಳ, ಕೊಡುವವರು ಕಡಿಮೆ. ಅಲ್ಲಿಯವರೆಗೆ ಜೀವ ಹಿಡಿದುಕೊಳ್ಳಲು ಪಂಪು ಬೇಕು. ಬದಲಿ ಹೃದಯಕ್ಕೆ ದೇಹ ತಾಳದವರಿಗೆ ಆ ಪಂಪೇ ಕಡೆಯತನಕ.

ಈ ಪಂಪು ರೋಗಿಯ ಗುಂಡಿಗೆಯನ್ನು ತೆಗೆಯುವುದಿಲ್ಲ. ಅದು ಅಲ್ಲೇ ಇರುತ್ತದೆ, ಪಂಪು ಅದಕ್ಕೆ ಹೆಗಲು ಕೊಡುತ್ತದೆ. ಮೊದಮೊದಲಿನ ಪಂಪುಗಳು ನಮ್ಮ ಊರಿನ ಕೈಪಂಪಿನ ಜಾತಿಯವು: ಒತ್ತುವ ತಟ್ಟೆ, ತೆರೆದು ಮುಚ್ಚುವ ಕವಾಟ, ಒಂದು ಕಿಲೋ ದಾಟಿದ ತೂಕ, ಹೊಟ್ಟೆಯೊಳಗೆ ಜಾಗ. ಬೇಗ ಸವೆಯುತ್ತಿದ್ದವು. ಈಗ ಬಳಕೆಯಲ್ಲಿರುವ ಹಾರ್ಟ್‌ಮೇಟ್ 3 ಎಂಬುದು ಹೊಲದ ಮೋನೋಬ್ಲಾಕ್ ಮೋಟಾರಿನ ತಮ್ಮ. ಒಳಗೆ ಒಂದು ಇಂಪೆಲ್ಲರ್ ತಿರುಗುತ್ತದೆ, ರಕ್ತವನ್ನು ದೂಡುತ್ತದೆ. ನಮ್ಮ ಮೋಟಾರಿನಲ್ಲಿ ಬೇರಿಂಗು ಹೋಗುತ್ತದೆ, ವರ್ಷಕ್ಕೊಮ್ಮೆ ಬಿಚ್ಚಬೇಕು. ಇದರಲ್ಲಿ ಬೇರಿಂಗೇ ಇಲ್ಲ. ಇಂಪೆಲ್ಲರು ಅಯಸ್ಕಾಂತದ ಬಲದಲ್ಲಿ ಎಲ್ಲಿಯೂ ತಾಗದೆ ತೇಲುತ್ತ ತಿರುಗುತ್ತದೆ. ತೂಕ 200 ಗ್ರಾಂ. ಬೇಕಾದರೆ ನಿಮಿಷಕ್ಕೆ 10 ಲೀಟರಿನವರೆಗೆ ಎತ್ತಬಲ್ಲದು. ಇದನ್ನು ಮೊದಲು ಮನುಷ್ಯನಿಗೆ ಕೂಡಿಸಿದ್ದು 2014ರಲ್ಲಿ, ಜರ್ಮನಿಯ ಹ್ಯಾನೋವರ್ ನಗರದಲ್ಲಿ.

ನಮ್ಮ ಸಮೀಪಕ್ಕೆ ಬಂದರೆ, 2008ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಲ್ಲಿರುವ ನಾರಾಯಣ ಹೃದಯಾಲಯದಲ್ಲಿ ಡಾ. ದೇವಿ ಶೆಟ್ಟಿ ಅವರ ತಂಡ ವೆಂಟ್ರಅಸಿಸ್ಟ್ ಎಂಬ ಆಸ್ಟ್ರೇಲಿಯಾದ ಪಂಪನ್ನು ಕೂಡಿಸಿತು. ಚೆನ್ನೈನಲ್ಲಿ ಡಾ. ಕೆ.ಆರ್. ಬಾಲಕೃಷ್ಣನ್ ಅವರ ತಂಡ ಈ ಕೆಲಸದಲ್ಲಿ ಹೆಸರು ಮಾಡಿದೆ. ಅಂದರೆ ಆದೋನಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಇಳಿಯುವ ಊರಿಗೆ ಈ ವಿದ್ಯೆ ಬಂದು ಬಹಳ ಕಾಲವಾಯಿತು.

ಇನ್ನು ಕೊಯ್ತದ ವಿಚಾರ. ಹಳೆಯ ಕ್ರಮದಲ್ಲಿ ಎದೆಯ ನಡುಮೂಳೆಯನ್ನು ಗರಗಸದಿಂದ ಉದ್ದಕ್ಕೂ ಸೀಳಿ, ಎರಡು ಬಾಗಿಲಂತೆ ತೆರೆದು, ಗುಂಡಿಗೆಯ ಹೊರಚೀಲವನ್ನು ಪೂರ್ತಿ ಬಿಡಿಸಿ ಪಂಪು ಕೂಡಿಸುತ್ತಾರೆ. ಕೊನೆಗೆ ಮೂಳೆಯನ್ನು ಉಕ್ಕಿನ ತಂತಿಯಿಂದ ಹೊಲಿಯುತ್ತಾರೆ. ಬೈಪಾಸ್ ಆದವರ ಎದೆಯ ಮೇಲಿನ ಉದ್ದ ಗೆರೆಯನ್ನು ತಾವು ನೋಡಿದ್ದೀರಿ, ಅದೇ ಗೆರೆ.

ಹೊಸ ಕ್ರಮದಲ್ಲಿ ಎರಡು ಸಣ್ಣ ಗಾಯಗಳು. ಒಂದು ಎಡಮೊಲೆಯ ಕೆಳಗೆ, ಪಕ್ಕೆಲುಬುಗಳ ಸಂದಿನಲ್ಲಿ. ಗುಂಡಿಗೆಯ ಚೂಪಾದ ತುದಿ ಸರಿಯಾಗಿ ಅಲ್ಲೇ ಸಿಗುತ್ತದೆ. ಅಲ್ಲಿ ಒಂದು ಬಳೆಯಂಥ ಉಂಗುರವನ್ನು ಹೊಲಿದು, ದುಂಡಗೆ ತೂತು ಕೊರೆದು, ಪಂಪಿನ ಬಾಯನ್ನು ಉಂಗುರಕ್ಕೆ ಬಿಗಿಯುತ್ತಾರೆ. ಪಂಪಿನಿಂದ ಹೊರಟ ಮೆತ್ತನೆಯ ಕೊಳವೆ ಒಳಗೊಳಗೇ ಸಾಗಿ ಮಹಾಪಧಮನಿಯನ್ನು ಸೇರಬೇಕಲ್ಲ, ಅದಕ್ಕೆ ಎರಡನೆಯ ಗಾಯ: ಎದೆಯ ಮೂಳೆಯ ಮೇಲ್ತುದಿಯನ್ನು ಮಾತ್ರ ಅರ್ಧ ಬಿಡಿಸುತ್ತಾರೆ, ಇಲ್ಲವೇ ಬಲಗಡೆ ಪಕ್ಕೆಲುಬುಗಳ ನಡುವೆ ಇನ್ನೊಂದು ಸಂದು ಮಾಡಿಕೊಳ್ಳುತ್ತಾರೆ. ಕರೆಂಟಿನ ವಯರನ್ನು ಚರ್ಮದ ಕೆಳಗೆ ಓಡಿಸಿ ಹೊಟ್ಟೆಯ ಪಕ್ಕದಲ್ಲಿ ಹೊರಗೆ ತರುತ್ತಾರೆ. ಪೂರ್ತಿ ಮತ್ತು ಕೊಟ್ಟೇ ಮಾಡುವ ಕೆಲಸ. ಹೃದಯ-ಶ್ವಾಸಕೋಶದ ಯಂತ್ರವೂ ಬಹುತೇಕ ಪಕ್ಕದಲ್ಲಿ ಓಡುತ್ತಲೇ ಇರುತ್ತದೆ. ಆದ್ದರಿಂದ ಇದನ್ನು ಸ್ಟೆಂಟಿನ ಸಾಲಿಗೆ ಸೇರಿಸಬೇಡಿ.

ಹಾಗಾದರೆ ಲಾಭವೇನು? ಲಾಭ ನಿಜವಾದದ್ದೇ. ಸೀಳಿದ ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಕೆಮ್ಮಿದರೆ ನೋವು, ಕೊಡ ಎತ್ತುವಂತಿಲ್ಲ, ಮಗ್ಗುಲಾಗುವಂತಿಲ್ಲ. ಮೂಳೆ ಉಳಿದರೆ ರೋಗಿ ಬೇಗ ಎದ್ದು ಕೂರುತ್ತಾನೆ. ರಕ್ತ ಸೋರುವುದು ಕಡಿಮೆಯಾದರೆ ಬಾಟಲಿ ರಕ್ತ ಏರಿಸುವುದೂ ಕಡಿಮೆಯಾಗುತ್ತದೆ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹೆಚ್ಚು ಜನರ ರಕ್ತ ಏರಿದಷ್ಟೂ ಮೈಯಲ್ಲಿ ಅದಕ್ಕೆ ಎದುರಾಳಿ ಅಂಶಗಳು ಹುಟ್ಟಿ, ಮುಂದೆ ಹೊಂದುವ ಬದಲಿ ಹೃದಯ ಸಿಗುವುದು ಕಷ್ಟವಾಗಬಹುದು. ಬದಲಿ ಹೃದಯಕ್ಕಾಗಿ ಎದೆ ತೆರೆಯುವ ದಿನ ಬಂದಾಗಲೂ, ಮೊದಲೇ ಒಮ್ಮೆ ಸೀಳಿ ಅಂಟಿಕೊಂಡ ಎದೆಗಿಂತ ಸೀಳದ ಎದೆ ಡಾಕ್ಟರಿಗೆ ಸುಲಭ.

ಎಲ್ಲಕ್ಕಿಂತ ದೊಡ್ಡ ಮಾತು ಗುಂಡಿಗೆಯ ಬಲಭಾಗದ್ದು. ಪಂಪು ಸಹಾಯ ಮಾಡುವುದು ಎಡಭಾಗಕ್ಕೆ ಮಾತ್ರ. ಎಡಗಡೆ ನಿಮಿಷಕ್ಕೆ ಐದು ಲೀಟರು ಎತ್ತತೊಡಗಿದರೆ ಬಲಗಡೆಯೂ ಅಷ್ಟನ್ನು ತಂದು ಹಾಕಬೇಕು. ಕಾಲುವೆಯಲ್ಲಿ ನೀರೇ ಬಾರದಿದ್ದರೆ ಮೋಟಾರಿನ ಕುದುರೆಶಕ್ತಿ ಎಷ್ಟಿದ್ದರೇನು? ಹೊರಚೀಲವನ್ನು ಪೂರ್ತಿ ಬಿಚ್ಚಿದಾಗ ತೆಳುಗೋಡೆಯ ಆ ಬಲಭಾಗ ಆಸರೆ ಇಲ್ಲದೆ ಉಬ್ಬಿ ಸೋಲುವುದುಂಟು. ಸಣ್ಣ ಗಾಯದಲ್ಲಿ ಚೀಲ ಬಹಳಷ್ಟು ಹಾಗೆಯೇ ಉಳಿಯುವುದರಿಂದ ಈ ಸೋಲು ಕಡಿಮೆ ಎಂಬುದು ಅನೇಕ ಕೇಂದ್ರಗಳ ಅನುಭವ. 144 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಎದೆ ಸೀಳಿದವರಿಗೆ 26 ದಿನದ ಲೆಕ್ಕವಿದ್ದ ಆಸ್ಪತ್ರೆವಾಸ 18 ದಿನಕ್ಕೆ ಇಳಿಯಿತು. ಅದರ ಆಧಾರದಲ್ಲಿ ಅಮೆರಿಕದ ಸರಕಾರಿ ಇಲಾಖೆ 2018ರಲ್ಲಿ ಎಚ್‌ವ್ಯಾಡ್ ಎಂಬ ಪಂಪಿಗೆ ಈ ವಿಧಾನವನ್ನು ಒಪ್ಪಿತು. 2020ರ ಜನವರಿಯಲ್ಲಿ ಹಾರ್ಟ್‌ಮೇಟ್ 3ಕ್ಕೂ ಒಪ್ಪಿಗೆ ಬಂತು. ಕೇಳಿ, ಹದಿನೆಂಟು ದಿನ. ಮೂರು ದಿನವಲ್ಲ. ಪಕ್ಕೆಲುಬು ಅಗಲಿಸಿದ ನೋವು ಸಣ್ಣದೆಂದೂ ತಿಳಿಯಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ, ಕವಾಟವನ್ನೂ ಸರಿಪಡಿಸಬೇಕಾಗಿದ್ದರೆ ಎದೆ ತೆರೆಯುವುದೇ ಕ್ಷೇಮ ಎಂದು ಡಾಕ್ಟರು ಹೇಳಬಹುದು. ಆಗ ಹಟ ಹಿಡಿಯಬಾರದು.

ನಮ್ಮ ಮನೆತನದಲ್ಲೇ ಈ ಪ್ರಶ್ನೆ ಬಂದಿತ್ತು. ಅಕ್ಕನ ಗಂಡ, ನನಗೆ ಭಾವ, ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆದು ಬಾಳು ಕಳೆದವರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪಂಪಿನ ಮಾತು ಬಂತು. ಅಳಿಯ ರಾತ್ರಿಯೇ ಫೋನು ಮಾಡಿದ: “ಮಾವ, ಅಪ್ಪಗ ಪಂಪು ಕುಂದರಸ್ತಾರಂತ. ಎದಿ ಕೊಯ್ಯಂಗಿಲ್ಲಂತ, ಸಣ್ಣ ತೂತು ಸಾಕಂತ. ಕಾಲುವಿ ಕೆಳಗಿನ ನಾಕು ಎಕರೆ ಕೊಟ್ಟುಬಿಡೋಣೇನು?” ಪಂಪಿನ ಬೆಲೆಯೇ ಸುಮಾರು ಒಂದು ಕೋಟಿ ಎಂದಿದ್ದರು. ನಾಲ್ಕು ಎಕರೆಗೆ ಅಷ್ಟು ಹುಟ್ಟುವುದಿಲ್ಲ, ಉಳಿದದ್ದಕ್ಕೆ ಮನೆಯನ್ನು ಅಡವಿಡಬೇಕು. ಜಮೀನಿನ ಪಾಸ್‌ಬುಕ್ಕು ಹಿಡಿದುಕೊಂಡು ಕೌಂಟರಿನ ಮುಂದೆ ನಿಂತ ಮುಖಗಳನ್ನು ಎಷ್ಟೋ ವರ್ಷ ನೋಡಿದವನು ನಾನು. ಬೇಡ ಎನ್ನಲೂ ಬಾಯಿ ಬರಲಿಲ್ಲ, ಆಗಲಿ ಎನ್ನಲೂ ಬರಲಿಲ್ಲ. ರೈಲು ಹತ್ತಿ ಹೋದೆ.

ಅಲ್ಲಿನ ಡಾಕ್ಟರು ಒಳ್ಳೆಯವರು, ಮುಕ್ಕಾಲು ಗಂಟೆ ಕೂತು ಹೇಳಿದರು. ಭಾವನವರ ಗುಂಡಿಗೆಯ ಬಲಭಾಗವೂ ಸೋತಿತ್ತು, ಮೂತ್ರಪಿಂಡವೂ ಅರ್ಧ ಹೋಗಿತ್ತು. ಸಣ್ಣ ಗಾಯದಿಂದ ಕೂಡಿಸಬಹುದು, ಆದರೆ ಆಮೇಲೆ ಡಯಾಲಿಸಿಸ್ಸಿನ ಮೇಲೇ ಇರಬೇಕಾಗಬಹುದು ಎಂದರು. ನಮ್ಮೆಲ್ಲರಿಗಿಂತ ಮೊದಲು ತೀರ್ಮಾನ ಮಾಡಿದವರು ಭಾವನವರೇ. “ರಾತ್ರಿ ಗ್ವಾಡಿಗೆ ವಯರು ಕಟಿಗೊಂಡು ಮಲಗಬೇಕೇನು ನಾನು? ಕರೆಂಟು ಹೋದ್ರ ನಿಮ್ಮ ಅಕ್ಕನ್ನ ಎಬ್ಬಸಲೇನು?” ಎಂದು ನಕ್ಕರು. ಮಾತ್ರೆಗಳನ್ನು ಸರಿಮಾಡಿಸಿಕೊಂಡು ಊರಿಗೆ ಬಂದರು. ಒಂದೂವರೆ ವರ್ಷ ಮನೆಯಲ್ಲಿದ್ದರು, ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು, ಹೋದರು. ಅದೇ ಮೂವತ್ತು ವರ್ಷದ ಹುಡುಗನಾಗಿದ್ದು, ಮೂತ್ರಪಿಂಡ ಗಟ್ಟಿಯಿದ್ದು, ಮುಂದೆ ಬದಲಿ ಹೃದಯ ಸಿಗುವ ಆಸೆ ಇದ್ದಿದ್ದರೆ, ಹೊಲ ಮಾರು ಎಂದು ನಾನೇ ಹೇಳುತ್ತಿದ್ದೆ.

ಏಕೆಂದರೆ ಪಂಪು ಜೀವ ಉಳಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. 2001ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, ಬರೀ ಔಷಧಿ ಪಡೆದ ಕಡೆಯ ಹಂತದ ರೋಗಿಗಳಲ್ಲಿ ಒಂದು ವರ್ಷದ ನಂತರ ಉಳಿದವರು ನೂರಕ್ಕೆ 25, ಹಳೆಯ ಕೈಪಂಪಿನ ಜಾತಿಯ ಪಂಪು ಪಡೆದವರಲ್ಲಿ 52. ಹಾರ್ಟ್‌ಮೇಟ್ 3 ಪಡೆದವರಲ್ಲಿ ಐದು ವರ್ಷಗಳ ನಂತರವೂ ನೂರಕ್ಕೆ 58 ಮಂದಿ ಬದುಕಿದ್ದರು ಎಂದು 2022ರಲ್ಲಿ ಪ್ರಕಟವಾಯಿತು. ಇದು ಸಣ್ಣ ಮಾತೇನಲ್ಲ.

ಆದರೆ ಗಾಯ ಎಷ್ಟೇ ಸಣ್ಣದಿರಲಿ, ಮನೆಗೆ ಬಂದ ಮೇಲಿನ ಬದುಕು ಎರಡೂ ವಿಧಾನದಲ್ಲಿ ಒಂದೇ. ಹೊಟ್ಟೆಯ ಪಕ್ಕದಿಂದ ಹೊರಬಂದ ವಯರು, ಸೊಂಟದಲ್ಲಿ ಕಂಟ್ರೋಲರು, ಹೆಗಲಿಗೆ ಎರಡು ಬ್ಯಾಟರಿ. ತುಂಬ ಚಾರ್ಜಾದ ಒಂದು ಜೊತೆ 17 ಗಂಟೆಯವರೆಗೆ ಬರುತ್ತದೆ. ರಾತ್ರಿ ಗೋಡೆಯ ಕರೆಂಟು. ಗಾಳಿ ಮಳೆಗೆ ಲೈನು ಹರಿದು ಬಿದ್ದರೆ ದಿನಗಟ್ಟಲೆ ಕತ್ತಲಿರುವ ಊರಿನವರು ಇದನ್ನು ಮೊದಲೇ ಯೋಚಿಸಬೇಕು. ಹೆಚ್ಚುವರಿ ಬ್ಯಾಟರಿ, ಇನ್ವರ್ಟರು, ಪಕ್ಕದ ಪಟ್ಟಣದಲ್ಲಿ ಒಂದು ನೆಂಟರ ಮನೆ. ವಯರು ಹೊರಬರುವ ಜಾಗವನ್ನು ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಶುಚಿ ಮಾಡಿ ಪಟ್ಟಿ ಕಟ್ಟುತ್ತಿರಬೇಕು. ಅಲ್ಲಿ ಕೀವಾದರೆ ಒಳಗಿನ ಪಂಪಿಗೇ ಸೋಂಕು ಏರುತ್ತದೆ. ಮಂತ್ರಾಲಯಕ್ಕೆ ಹೋಗಿ ರಾಯರ ದರ್ಶನ ಮಾಡಬಹುದು, ತುಂಗಭದ್ರೆಯಲ್ಲಿ ಮುಳುಗು ಹಾಕುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಬದುಕಿರುವವರೆಗೂ ತಪ್ಪದು, ಅದಕ್ಕೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯೂ ತಪ್ಪದು. ಮಾತ್ರೆ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು, ಲಕ್ವ. ಗುಳೆ ಹೋಗುವ ಕುಟುಂಬ ಇದನ್ನೆಲ್ಲ ನಿಭಾಯಿಸುವುದು ಹೇಗೆ? ಕಲಿತ ಇಬ್ಬರಾದರೂ ಮನೆಯಲ್ಲಿ ಇರಬೇಕು.

ಇನ್ನೊಂದು ವಿಚಿತ್ರ. ಪಂಪು ರಕ್ತವನ್ನು ಒಂದೇ ಸಮನೆ ಹರಿಸುವುದರಿಂದ ಬಹಳ ಮಂದಿಯ ಕೈಯಲ್ಲಿ ನಾಡಿ ಸಿಗುವುದಿಲ್ಲ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಅವರು 2010ರಲ್ಲಿ ಇಂಥ ಪಂಪು ಹಾಕಿಸಿಕೊಂಡು, 2012ರಲ್ಲಿ ಬದಲಿ ಹೃದಯ ಸಿಗುವವರೆಗೆ 20 ತಿಂಗಳು ಅದರ ಮೇಲೆಯೇ ಓಡಾಡಿದರು. ನಮ್ಮ ಹಳ್ಳಿಯಲ್ಲಿ ಇಂಥವರೊಬ್ಬರು ತಲೆಸುತ್ತಿ ಬಿದ್ದರೆ, ಊರಿನ ಆರ್‌ಎಂಪಿ ಡಾಕ್ಟರು ಕೈ ಹಿಡಿದು ನೋಡಿ “ನಾಡಿ ಇಲ್ಲ, ಹೋಗಿದಾರ” ಎಂದುಬಿಟ್ಟಾರು! ಎದೆಗೆ ಸ್ಟೆತಾಸ್ಕೋಪು ಇಟ್ಟರೆ ಜೇನುಹುಳದಂತೆ ಗುಂಯ್ ಶಬ್ದ ಕೇಳಬೇಕು. ಕಂಟ್ರೋಲರಿನ ದೀಪ ನೋಡಬೇಕು, ಆಸ್ಪತ್ರೆಗೆ ಆ ಕ್ಷಣ ಫೋನು ಮಾಡಬೇಕು. ಇದನ್ನು ಮನೆಯವರು ಊರಿನ ಡಾಕ್ಟರಿಗೆ ಮುಂಚೆಯೇ ತಿಳಿಸಿಡಬೇಕು.

ಬ್ಯಾಂಕಿನವನಾದ್ದರಿಂದ ಕಂಪನಿಯ ಮಾತನ್ನೂ ಹೇಳಿಬಿಡುತ್ತೇನೆ. ವೆಂಟ್ರಅಸಿಸ್ಟ್ ಮಾಡುತ್ತಿದ್ದ ಸಿಡ್ನಿಯ ಕಂಪನಿ 2009ರಲ್ಲಿ, ಅಂದರೆ ಬೆಂಗಳೂರಿನಲ್ಲಿ ಅದನ್ನು ಕೂಡಿಸಿದ ಮರುವರ್ಷವೇ, ಹಣವಿಲ್ಲದೆ ಮುಚ್ಚಿತು. ಸಣ್ಣ ಗಾಯದ ವಿಧಾನಕ್ಕೆ ಮೊದಲ ಒಪ್ಪಿಗೆ ತಂದುಕೊಟ್ಟ ಎಚ್‌ವ್ಯಾಡ್ ಪಂಪನ್ನು, ಮೆದುಳಿನ ತೊಂದರೆ ಹೆಚ್ಚು ಕಂಡದ್ದರಿಂದಲೂ, ನಿಂತದ್ದು ಮತ್ತೆ ಶುರುವಾಗದ ದೋಷದಿಂದಲೂ 2021ರ ಜೂನಿನಲ್ಲಿ ಮಾರಾಟದಿಂದ ಹಿಂದಕ್ಕೆ ತೆಗೆದರು. ಆ ಪಂಪುಗಳನ್ನು ಎದೆಯಲ್ಲಿಟ್ಟುಕೊಂಡವರು ಲೋಕದಲ್ಲಿ ಇದ್ದೇ ಇದ್ದರು. ಟ್ರ್ಯಾಕ್ಟರು ಕೊಳ್ಳುವಾಗ ಸ್ಪೇರು ಎಲ್ಲಿ ಸಿಗುತ್ತದೆ ಎಂದು ಕೇಳುವ ನಾವು, ಬ್ಯಾಟರಿ, ಕಂಟ್ರೋಲರು ಕೆಟ್ಟರೆ ಎಷ್ಟು ಹೊತ್ತಿನಲ್ಲಿ, ಎಲ್ಲಿಂದ, ಯಾರ ಖರ್ಚಿನಲ್ಲಿ ಬರುತ್ತದೆ ಎಂದು ಇಲ್ಲಿ ಕೇಳಲು ನಾಚಬಾರದು. ಹಿಂದೆ ಆರೋಗ್ಯಶ್ರೀ ಎನ್ನುತ್ತಿದ್ದ, ಈಗ ಎನ್.ಟಿ.ಆರ್. ವೈದ್ಯ ಸೇವೆ ಎನ್ನುವ ಯೋಜನೆಯಲ್ಲಿ ಸ್ಟೆಂಟು, ಬೈಪಾಸು ಆದದ್ದು ನೋಡಿ ಪಂಪೂ ಆದೀತೆಂದು ಹೊರಟುಬಿಡಬೇಡಿ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ, ಬರವಣಿಗೆಯಲ್ಲಿ ತಿಳಿದುಕೊಳ್ಳಿ.

ಬೆಲೆ ಇಳಿಯುವ ಆಸೆ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಹೃದಯದ ಕವಾಟವನ್ನು ದೇಶದಲ್ಲೇ ಮಾಡಿ 1990ರಲ್ಲಿ ಮೊದಲ ರೋಗಿಗೆ ಕೂಡಿಸಿತು. ಆಮೇಲೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಅದು ಸಿಕ್ಕಿತು. ಅದೇ ಬಗೆಯಲ್ಲಿ ಕಾನ್ಪುರದ ಐಐಟಿ ‘ಹೃದ್ಯಂತ್ರ’ ಎಂಬ ಹೆಸರಿನ ದೇಶೀ ಪಂಪಿನ ಕೆಲಸ ಕೈಗೆತ್ತಿಕೊಂಡಿದೆ. ಅದು ಬರುವ ದಿನ ಬರಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಬೇಗ ಹೋಗಿ ತೋರಿಸುವುದು. ಈ ಕಾಯಿಲೆಗೆ ಈಗ ಒಳ್ಳೆಯ ಮಾತ್ರೆಗಳಿವೆ. ಹೆರಿಗೆಯ ಸಮಯದಲ್ಲಿ ಗುಂಡಿಗೆ ಸೋತ ಎಷ್ಟೋ ಹೆಣ್ಣುಮಕ್ಕಳು ಮಾತ್ರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಕರ್ನೂಲಿನ ಸರಕಾರಿ ದೊಡ್ಡಾಸ್ಪತ್ರೆ ಇದೆ, ಬಳ್ಳಾರಿ ಇದೆ, ರಾಯಚೂರು ಮೇಲೆ ರೈಲಿನಲ್ಲಿ ಹೋದರೆ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ. ಒಂದು ಎಕೋ ಮಾಡಿಸಿದರೆ ಇ.ಎಫ್. ಅಂಕಿ ತಿಳಿಯುತ್ತದೆ. ಒಗ್ಗಾಣಿ-ಮಿರ್ಚಿ, ಉಪ್ಪಿನಕಾಯಿ, ಹಪ್ಪಳದ ಉಪ್ಪನ್ನು ಕಡಿಮೆ ಮಾಡಬೇಕು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಬೇಕು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಅನ್ನ ತಿಂದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಅವತ್ತೇ ಡಾಕ್ಟರಿಗೆ ಹೇಳಬೇಕು.

ದೊಡ್ಡ ಆಸ್ಪತ್ರೆಗೆ ಹೋಗುವಾಗ ಹಳೆಯ ಎಕೋ ಕಾಗದ, ಇಸಿಜಿ, ಮಾತ್ರೆ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ದಾರ ಕಟ್ಟಿಕೊಂಡು ಹೋಗಿ, ಹೊಸದು ಮೇಲೆ, ಹಳೆಯದು ಕೆಳಗೆ. ಆ ತೂಕದ ಪುಸ್ತಕವನ್ನೂ ಜೊತೆಗಿಡಿ. ಪಂಪಿನ ಮಾತು ಬಂದರೆ ಬಲಭಾಗ ಹೇಗಿದೆ, ಮೂತ್ರಪಿಂಡ ಹೇಗಿದೆ, ನನಗೆ ಸಣ್ಣ ಗಾಯ ಸಾಧ್ಯವೇ, ಮನೆಗೆ ಬಂದ ಮೇಲೆ ತಿಂಗಳಿಗೆ ಖರ್ಚೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಕೇಳಿ. ತೆಲುಗಿನಲ್ಲಿ ಕೇಳಿದರೂ ಸರಿಯೇ, ಕನ್ನಡದಲ್ಲಿ ಕೇಳಿದರೂ ಸರಿಯೇ. ‘ಆಯಾಸ’ ಎಂಬ ಮಾತೊಂದನ್ನು ಮಾತ್ರ ಬಿಡಿಸಿ ಹೇಳಿ.